ಜ್ವರ ಬಂದ ದಿನದ ಪಗಾರ

ಬೆಳಗಿನ ಜಾವ ಐದೂವರೆ. ಬಳ್ಳಾರಿಯಲ್ಲಿ ಬೀದಿ ದೀಪ ಇನ್ನೂ ಆರಿರುವುದಿಲ್ಲ, ಪೌರಕಾರ್ಮಿಕರು ಹಾಜರಿಗೆ ಸೇರಿರುತ್ತಾರೆ. ಗುತ್ತಿಗೆ ಪದ್ಧತಿ ಇದ್ದ ಕಾಲದಲ್ಲಿ ನಮ್ಮ ಬೀದಿ ಗುಡಿಸುತ್ತಿದ್ದ ಅಕ್ಕ ಒಂದು ದಿನ ಮೈ ಸುಡುವ ಜ್ವರದಲ್ಲೇ ಬಂದಿದ್ದರು. ತಲೆಗೆ ಬಿಗಿಯಾಗಿ ಟವೆಲ್ ಸುತ್ತಿದ್ದರು. ನಾಲ್ಕು ಮನೆ ದಾಟುವಷ್ಟರಲ್ಲಿ ನಮ್ಮ ಕಟ್ಟೆ ಮೇಲೆ ಕೂತುಬಿಟ್ಟರು. ರಜೆ ಹಾಕಬಾರದಿತ್ತಾ ಎಂದು ಕೇಳಿದೆ. 'ಹಾಕಿದ್ರ ಪಗಾರ ಹೋಗ್ತೈತಪ್ಪಾ. ಇಲ್ಲಾಂದ್ರ ಬದಲಿ ಆಳು ಕಳಿಸಿ, ಆಕಿಗೆ ನಾನೇ ಕೊಡಬೇಕು' ಅಂದರು.

ಆಕೆಗೆ ಸಿಗದ ರಜೆ ಕಾನೂನಿಗೆ ಹೊಸದೇನಲ್ಲ. ಕಾರ್ಖಾನೆ ಕಾರ್ಮಿಕರಿಗೆ ಆರೋಗ್ಯ ವಿಮೆ ಹೇಗಿರಬೇಕು ಅಂತ ಪ್ರೊ. ಬಿ.ಪಿ. ಅಡಾರ್ಕರ್ ವರದಿ ಕೊಟ್ಟಿದ್ದು 1944ರಲ್ಲಿ. ಅದರ ಬೆನ್ನಿಗೆ 1948ರಲ್ಲಿ ಕಾರ್ಮಿಕರ ರಾಜ್ಯ ವಿಮೆ, ಅಂದರೆ ಇಎಸ್‌ಐ ಕಾಯ್ದೆ ಬಂತು. ಈ ವ್ಯವಸ್ಥೆಯಲ್ಲಿ ಕಾಯಿಲೆ ಬಿದ್ದವರಿಗೆ ವರ್ಷಕ್ಕೆ 91 ದಿನದವರೆಗೆ ಕೂಲಿಯ ಶೇ 70ರಷ್ಟು ಹಣ ಸಿಗುತ್ತದೆ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯ್ದೆ ಕಾಯಿಲೆಗೋ ಬೇರೆ ಸಕಾರಣಕ್ಕೋ ವರ್ಷಕ್ಕೆ 12 ದಿನದವರೆಗೆ ಸಂಬಳದ ರಜೆ ಕೊಟ್ಟಿತು. ಸರ್ಕಾರಿ ನೌಕರರಿಗಂತೂ ವರ್ಷಕ್ಕೆ 20 ದಿನ ಅರ್ಧ ವೇತನ ರಜೆ ಜಮಾ ಆಗುತ್ತದೆ.

ಹಾಗಾದರೆ ಅಕ್ಕನಿಗೆ ಯಾಕಿಲ್ಲ? ರಜೆ ಸಿಗುವುದು ಜ್ವರ ನೋಡಿ ಅಲ್ಲ, ಹೆಸರು ಯಾರ ಪುಸ್ತಕದಲ್ಲಿದೆ ಅನ್ನೋದನ್ನು ನೋಡಿ. ಊರಿನ ಕಸ ಗುತ್ತಿಗೆದಾರರ ಕೈಗೆ ಹೋದ ಮೇಲೆ ಕೆಲಸ ಪಾಲಿಕೆಯದು, ಆಳು ಮಾತ್ರ ಗುತ್ತಿಗೆದಾರನವನು ಎಂಬಂತಾಯಿತು. ಪಿಎಫ್, ಇಎಸ್‌ಐ ಎಂದು ದುಡ್ಡು ಹಿಡಿಯುತ್ತಿದ್ದರೂ ಎಷ್ಟೋ ಜನರ ಕೈಗೆ ಕಾರ್ಡ್ ಬರಲೇ ಇಲ್ಲ. ಹೋರಾಟ ಮಾಡಿ ಮಾಡಿ ನೇರಪಾವತಿ, ಅಂದರೆ ಗುತ್ತಿಗೆದಾರನಿಲ್ಲದೆ ಪಾಲಿಕೆಯೇ ಸಂಬಳ ಕೊಡುವ ಪದ್ಧತಿ ಬಂತು. 2022ರ ಜುಲೈನಲ್ಲಿ ರಾಜ್ಯದಾದ್ಯಂತ ಪೌರಕಾರ್ಮಿಕರು ಕೆಲಸ ನಿಲ್ಲಿಸಿದರು. ಅದೇ ವರ್ಷ 11,133 ಜನರ ಕಾಯಂಗೆ ಸರ್ಕಾರ ಒಪ್ಪಿತು. ಆದರೆ ಕಸದ ಆಟೋ ಓಡಿಸುವವರು, ಲೋಡರ್‌ಗಳು, ಒಳಚರಂಡಿಗೆ ಇಳಿಯುವವರಲ್ಲಿ ಬಹಳ ಜನರ ಕಥೆ ಅಲ್ಲಿಗೂ ಮುಗಿಯಲಿಲ್ಲ.

ಕಾಯಿಲೆ ರಜೆಯನ್ನು ಪಾಲಿಕೆಯೇ ತೀರ್ಮಾನಿಸಬಹುದಲ್ವಾ ಎಂದು ಕೇಳುವವರಿದ್ದಾರೆ. ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ 2006ರಲ್ಲಿ ಊರಿನ ಮತದಾರರೇ ಓಟು ಹಾಕಿ, 30 ಗಂಟೆ ದುಡಿದರೆ 1 ಗಂಟೆ ಸಂಬಳದ ಕಾಯಿಲೆ ರಜೆ ಎಂಬ ಕಾನೂನು ತಂದರು. ಅಂಗಡಿ, ಹೋಟೆಲ್ ಎಲ್ಲಕ್ಕೂ ಅದು ಅನ್ವಯ. ನಮ್ಮಲ್ಲಿ ಕಾರ್ಮಿಕ ಕಾನೂನು ಕೇಂದ್ರ ಮತ್ತು ರಾಜ್ಯದ ಕೈಯಲ್ಲಿದೆ. ಹಾಗಾಗಿ ಇಲ್ಲಿ ಜೀನ್ಸ್ ಹೊಲಿದು ಪೀಸ್ ಲೆಕ್ಕದಲ್ಲಿ ದುಡ್ಡು ಎಣಿಸುವವರಿಗೆ ಪಾಲಿಕೆ ರಜೆ ಕೊಡಿಸಲಾರದು. ಹತ್ತು ಜನರಿಲ್ಲದ ಸಣ್ಣ ಘಟಕಕ್ಕೆ ಇಎಸ್‌ಐ ಕಡ್ಡಾಯವೂ ಅಲ್ಲ. ಮಿಷನ್ ನಿಂತರೆ ಅವತ್ತಿನ ದುಡಿಮೆಯೂ ನಿಂತಿತು.

ಪಾಲಿಕೆಯದೇ ಕೆಲಸ ಮಾಡುವವರ ವಿಷಯ ಹಾಗಲ್ಲ. ಗುತ್ತಿಗೆಯ ಟೆಂಡರ್ ಕರೆಯುವಾಗ ಷರತ್ತು ಬರೆಯುವುದು ಪಾಲಿಕೆಯೇ. ಸಾಮಾನ್ಯ ಸಭೆಯಲ್ಲಿ ಠರಾವು ಮಾಡಿ ಸರ್ಕಾರಕ್ಕೆ ಕಳಿಸಲೂಬಹುದು. 2021ರ ಜೂನ್‌ನಲ್ಲಿ ಕೇಂದ್ರ ಕಾರ್ಮಿಕ ಸಚಿವಾಲಯ ಪುರಸಭೆ, ಪಾಲಿಕೆಗಳ ದಿನಗೂಲಿ ಮತ್ತು ಗುತ್ತಿಗೆ ಕೆಲಸಗಾರರಿಗೂ ಇಎಸ್‌ಐ ವಿಸ್ತರಿಸಲು ಮುಂದಾಯಿತು. ಮೊದಲು ಕೇಂದ್ರಾಡಳಿತ ಪ್ರದೇಶಗಳಲ್ಲಿ ಶುರು ಮಾಡಿ, ರಾಜ್ಯಗಳೂ ಹಾಗೆ ಮಾಡಲಿ ಎಂದಿತು.

ನನ್ನ ಕಣ್ಣಿಗೆ ದೊಡ್ಡ ತೊಡಕು ಬೇರೆ ಇದೆ. 700 ಜನಕ್ಕೆ ಒಬ್ಬ ಪೌರಕಾರ್ಮಿಕ ಎನ್ನುವುದು ಸರ್ಕಾರದ್ದೇ ಲೆಕ್ಕ. ಆ ಲೆಕ್ಕದಲ್ಲಿ ಜ್ವರ ಬಂದವರ ಜಾಗಕ್ಕೆ ಯಾರು ಎಂಬುದಿಲ್ಲ. ಒಬ್ಬರು ರಜೆ ಹಾಕಿದರೆ ಅವರ ಬೀದಿಯೂ ಪಕ್ಕದವರ ಮೈಮೇಲೆ ಬೀಳುತ್ತದೆ. ಅದಕ್ಕೇ ರಜೆ ಇದ್ದವರೂ ಕೇಳಲು ಹಿಂಜರಿಯುತ್ತಾರೆ. ಟೆಂಡರ್‌ನಲ್ಲಿ, ಬಜೆಟ್‌ನಲ್ಲಿ ಬದಲಿ ಆಳಿನ ಕೂಲಿಗೆಂದು ಒಂದು ಸಾಲು ಮೊದಲು ಬರಬೇಕು. ಅವತ್ತು ಅಕ್ಕ ನಮ್ಮ ಮನೆಯ ಒಂದು ಲೋಟ ಬಿಸಿ ಚಹಾ ಕುಡಿದು, ಪೊರಕೆ ಹಿಡಿದು ಮತ್ತೆ ಎದ್ದರು. ಇನ್ನೂ ಎರಡು ಬೀದಿ ಬಾಕಿ ಇತ್ತು.