ಕೊನೆಯ ರಾತ್ರಿಯ ಫಾರಂ

ಫೆಬ್ರವರಿ ಬಂತೆಂದರೆ ನಮ್ಮ ಥಿಯಾಲಾಜಿಕಲ್ (ಕ್ರೈಸ್ತ ದೇವಶಾಸ್ತ್ರದ) ಕಾಲೇಜಿನ ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ನನ್ನ ರೂಮಿಗೆ ಬರುತ್ತಾರೆ. ಕೈಯಲ್ಲಿ ಪ್ರಬಂಧದ ಪ್ರಸ್ತಾವನೆ. ಚರ್ಚಿನ ಬೇಸಿಗೆ ಶಿಬಿರದಿಂದ ಮಕ್ಕಳ ನಂಬಿಕೆಯಲ್ಲಿ ಏನು ಬದಲಾಗುತ್ತದೆ ಎಂಬುದು ವಿಷಯ. ಒಳ್ಳೆಯ ವಿಷಯವೇ. “ಮಕ್ಕಳನ್ನು ಯಾವಾಗ ಕೇಳ್ತೀರಿ?” ಅಂತ ಕೇಳುತ್ತೇನೆ. “ಕೊನೇ ದಿನ ರಾತ್ರಿ ಸರ್, ಕ್ಯಾಂಪ್ ಫೈರ್ ಮುಗಿದ ಮೇಲೆ. ಆಗ ಎಲ್ಲರೂ ಒಟ್ಟಿಗೆ ಸಿಕ್ತಾರೆ.”

ಎಷ್ಟೋ ವರ್ಷದಿಂದ ಇದೇ ಉತ್ತರ. ಎಷ್ಟು ಸಲ ಹೇಳಿದರೂ ಮುಂದಿನ ವರ್ಷ ಮತ್ತೆ ಅದೇ. ಅದಕ್ಕೇ ಇವತ್ತು ಬಿಡಿಸಿ ಬರೆಯುತ್ತಿದ್ದೇನೆ.

ಆ ರಾತ್ರಿಯನ್ನು ಸ್ವಲ್ಪ ಕಣ್ಮುಂದೆ ತಂದುಕೊಳ್ಳಿ. ಐದು ದಿನ ಮಕ್ಕಳಿಗೆ ಸರಿಯಾಗಿ ನಿದ್ದೆಯಿಲ್ಲ. ಬೆಂಕಿ ಉರಿಯುತ್ತಿದೆ, ಗಿಟಾರ್ ಇದೆ. ಪಕ್ಕದಲ್ಲಿ ಕೂತ ಗೆಳತಿ ನಾಳೆ ಬೀದರಿಗೋ ಮಡಿಕೇರಿಗೋ ಹೊರಟುಹೋಗುತ್ತಾಳೆ. ಒಬ್ಬಳು ಅತ್ತರೆ ಸಾಲೆಲ್ಲ ಅಳುತ್ತದೆ. ಆಗ ಫಾರಂ ಹಂಚುವವರು ಯಾರು? ಅದೇ ಗುಂಪಿನ ಲೀಡರ್. ಜ್ವರ ಬಂದಾಗ ಗಂಜಿ ಕುಡಿಸಿದ ಅಕ್ಕ. ಅವಳ ಎದುರಿಗೆ ಕೂತು “ನನಗೇನೂ ಅನಿಸಲಿಲ್ಲ” ಅಂತ ಯಾವ ಮಗು ಬರೆಯುತ್ತದೆ ಹೇಳಿ? ಎಲ್ಲರೂ ಐದಕ್ಕೆ ಐದು ಟಿಕ್ ಹಾಕುತ್ತಾರೆ. ಆ ಕಣ್ಣೀರು ಸುಳ್ಳು ಅಂತ ನಾನು ಹೇಳುತ್ತಿಲ್ಲ. ಅದರಲ್ಲಿ ದೇವರ ಕೆಲಸ ಇರಬಹುದು. ಆದರೆ ಆ ಫಾರಂ ಅಳೆಯುವುದು ಆ ರಾತ್ರಿಯನ್ನು ಮಾತ್ರ. ಆಗಸ್ಟ್ ತಿಂಗಳಲ್ಲಿ ಆ ಮಗು ಹೇಗಿರುತ್ತದೆ ಎಂದು ಅದಕ್ಕೆ ಗೊತ್ತಿಲ್ಲ.

ಕೆಲವು ವರ್ಷದ ಹಿಂದೆ ಸಕಲೇಶಪುರದ ಕಡೆ ಒಂದು ಶಿಬಿರ ನಡೆಯಿತು. ಹದಿಮೂರು ವರ್ಷದ ಒಬ್ಬಳು ಹುಡುಗಿ ಫಾರಂನಲ್ಲಿ ಎಲ್ಲದಕ್ಕೂ “ಬಹಳ ಚೆನ್ನಾಗಿತ್ತು” ಎಂದು ಗುರುತು ಹಾಕಿದ್ದಳು. ಕೆಳಗೆ “ನನ್ನ ಜೀವನ ಬದಲಾಯಿತು” ಅಂತ ಬರೆದಿದ್ದಳು. ಮೂರು ತಿಂಗಳ ಮೇಲೆ ವಿದ್ಯಾರ್ಥಿಯ ಜೊತೆ ನಾನೂ ಅವಳ ಮನೆಗೆ ಹೋದೆ. ಅಮ್ಮ ಕಾಫಿ ಕೊಟ್ಟರು, ಹುಡುಗಿ ಬಾಗಿಲ ಹತ್ತಿರ ನಿಂತಿದ್ದಳು. ಪ್ರಸಂಗ, ಅಂದರೆ ಬೈಬಲ್ ಪ್ರವಚನ, ಮಾಡಿದ ಪಾಸ್ಟರ್ ಹೆಸರು ಅವಳಿಗೆ ನೆನಪಿರಲಿಲ್ಲ. ವಾರದ ಕಂಠಪಾಠದ ಬೈಬಲ್ ವಾಕ್ಯವೂ ಅರ್ಧ ಮರೆತಿತ್ತು. ಆಮೇಲೆ ತಾನಾಗಿಯೇ ಹೇಳಿದಳು: “ರಾತ್ರಿ ಬಾತ್‌ರೂಮಿಗೆ ಹೋಗೋಕೆ ಭಯ ಆಗ್ತಿತ್ತು ಅಂಕಲ್. ಅಕ್ಕ ದಿನಾ ಎದ್ದು ಬಂದು ಹೊರಗೆ ಟಾರ್ಚ್ ಹಿಡ್ಕೊಂಡು ಹಾಡು ಹೇಳ್ತಾ ನಿಲ್ತಿದ್ರು. ನಾನು ಈಗ ರಾತ್ರಿ ಪ್ರಾರ್ಥನೆ ಮಾಡುವಾಗ ಆ ಹಾಡೇ ಹೇಳ್ಕೋತೀನಿ.”

ನಮ್ಮ ಫಾರಂನಲ್ಲಿ ಟಾರ್ಚಿಗೆ ಜಾಗ ಇರಲಿಲ್ಲ. ಪ್ರಸಂಗ ಹೇಗಿತ್ತು, ಹಾಡು ಹೇಗಿತ್ತು, ಊಟ ಹೇಗಿತ್ತು, ಇಷ್ಟೇ ಇದ್ದವು.

ಹಾಗಾದರೆ ಏನು ಮಾಡಬೇಕು? ಮೂರು ಸಲ ಕೇಳಿ. ಬಸ್ ಇಳಿದ ದಿನ, ಮನೆಗೆ ಹೊರಡುವ ದಿನ, ಮತ್ತೆ ಎರಡು ಮೂರು ತಿಂಗಳ ಮೇಲೆ. ಮೂರು ಸಲವೂ ಅದೇ ಪ್ರಶ್ನೆಗಳು. “ಶಿಬಿರ ನಿನ್ನನ್ನು ಬದಲಾಯಿಸಿತಾ?” ಅಂತ ಕೇಳಬೇಡಿ. ಆ ಪ್ರಶ್ನೆಯೊಳಗೇ ಉತ್ತರ ಇದೆ. “ಕಳೆದ ವಾರ ನೀನಾಗಿ ಎಷ್ಟು ದಿನ ಪ್ರಾರ್ಥನೆ ಮಾಡಿದೆ? ಮನೆಯಲ್ಲಿ ಯಾರ ಹತ್ತಿರ ನಂಬಿಕೆಯ ವಿಷಯ ಮಾತಾಡಿದೆ?” ಅಂತ ಕೇಳಿ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೂಥರನ್ ಚರ್ಚಿನ ಶಿಬಿರಗಳಲ್ಲಿ ಜೇಕಬ್ ಸೊರೆನ್ಸನ್ ಎಂಬ ಸಂಶೋಧಕರು ಅಧ್ಯಯನ ಮಾಡಿದಾಗ ಹೀಗೇ ಕೇಳಿದರು. ಮೊದಲ ದಿನ, ಕೊನೆಯ ದಿನ, ಕೆಲವು ತಿಂಗಳ ನಂತರ ಮತ್ತೊಮ್ಮೆ. ಹೆತ್ತವರನ್ನೂ ಕೇಳಿದರು.

ಇದೂ ಪೂರ್ತಿ ಪುರಾವೆ ಆಗುವುದಿಲ್ಲ. ಶಿಬಿರಕ್ಕೆ ಬರುವ ಮಕ್ಕಳಲ್ಲಿ ಜಾಸ್ತಿ ಜನ ಮೊದಲೇ ಸಂಡೇ ಸ್ಕೂಲಿಗೆ ಹೋಗುವವರು. ಹಾಗಾಗಿ ಶಿಬಿರದಿಂದಲೇ ಆಯಿತು ಎಂದು ಬರೆಯುವ ಮೊದಲು, ಅದೇ ಸಭೆಯ (ಚರ್ಚಿನ), ಶಿಬಿರಕ್ಕೆ ಬಾರದ ಕೆಲವು ಮಕ್ಕಳನ್ನೂ ಕೇಳಬೇಕು. ಹೆತ್ತವರ ಒಪ್ಪಿಗೆ ಬರಹದಲ್ಲೇ ಬೇಕು. ಮಗು ಬೇಡ ಅಂದರೆ ಬಿಟ್ಟುಬಿಡಬೇಕು.

ಮತ್ತೆ ಆ ಟಾರ್ಚಿನ ಮಾತಿಗೆ ಬರುತ್ತೇನೆ. 1880ರಲ್ಲಿ ಜಾರ್ಜ್ ಹಿಂಕ್ಲಿ ಎಂಬ ಪಾಸ್ಟರ್ ತಮ್ಮ ಸಭೆಯ ಏಳು ಹುಡುಗರನ್ನು ರೋಡ್ ಐಲೆಂಡಿನ ಒಂದು ದ್ವೀಪಕ್ಕೆ ಕರೆದುಕೊಂಡು ಹೋದರು. ಅಮೆರಿಕದ ಮೊದಲ ಚರ್ಚ್ ಶಿಬಿರ ಅದೇ ಎಂದು ಹೇಳುತ್ತಾರೆ. ಬೆಳಿಗ್ಗೆ ದೇವರ ಮಾತು, ಮಧ್ಯಾಹ್ನ ಈಜು, ಆಟ, ಸಂಜೆ ಹಾಡು, ಮಾತುಕತೆ. ಇವತ್ತಿನ ನಮ್ಮ ವೇಳಾಪಟ್ಟಿಯೂ ಅದೇ ಅಲ್ವಾ! ಐದು ವರ್ಷದ ನಂತರ ವೈ.ಎಂ.ಸಿ.ಎ.ಯ ಸಮ್ನರ್ ಡಡ್ಲಿ ನ್ಯೂಯಾರ್ಕಿನ ಆರೆಂಜ್ ಲೇಕ್ ದಡಕ್ಕೆ ಕರೆದುಕೊಂಡು ಹೋದದ್ದೂ ಏಳೇ ಹುಡುಗರನ್ನು. ಈಗ ಅಮೆರಿಕನ್ ಕ್ಯಾಂಪ್ ಅಸೋಸಿಯೇಷನ್ ರಾತ್ರಿ ಉಳಿಯುವ ಶಿಬಿರಗಳಲ್ಲಿ 9ರಿಂದ 14 ವರ್ಷದ ಎಂಟು ಮಕ್ಕಳಿಗೆ ಒಬ್ಬ ಲೀಡರ್ ಇರಬೇಕು ಎನ್ನುತ್ತದೆ. ನಮ್ಮ ಎಷ್ಟೋ ಶಿಬಿರಗಳಲ್ಲಿ ಇಪ್ಪತ್ತೈದು ಮಕ್ಕಳಿಗೆ ಒಬ್ಬಳೇ ಅಕ್ಕ. ಟಾರ್ಚ್ ಹಿಡಿದು ಯಾರ ಜೊತೆ ನಿಲ್ಲುತ್ತಾಳೆ ಅವಳು? ಪ್ರಸಂಗಿಯ ವಿಮಾನದ ಟಿಕೆಟ್ಟಿಗೆ ಹಣ ಇರುತ್ತದೆ, ಲೀಡರುಗಳ ಎರಡು ದಿನದ ತರಬೇತಿಗೆ ಇರುವುದಿಲ್ಲ. ಸರಿಯಾಗಿ ಮಾಡಿದ ಒಂದು ಅಧ್ಯಯನ ಸಭೆಯ ಕಮಿಟಿಯ ಮುಂದೆ ಲೀಡರ್ ಎಷ್ಟು ಮುಖ್ಯ ಎಂಬುದನ್ನು ತೋರಿಸಬಹುದು. ಕೊನೆಯ ರಾತ್ರಿಯ ಫಾರಂ ಎಂದೂ ತೋರಿಸುವುದಿಲ್ಲ.

“ಸರ್, ಶಿಬಿರದ ವಿಷಯವನ್ನೇ ಓದಿ, ಅದನ್ನೇ ಪಾಠ ಮಾಡಿ ಬದುಕಬಹುದಾ?” ಅಂತ ಕೆಲವರು ಕೇಳುತ್ತಾರೆ. ಅಮೆರಿಕದ ವ್ಹೀಟನ್ ಎಂಬ ಕ್ರೈಸ್ತ ಕಾಲೇಜಿಗೆ ವಿಸ್ಕಾನ್ಸಿನ್ ಕಾಡಿನಲ್ಲಿ ಹನಿರಾಕ್ ಎಂಬ ಶಿಬಿರ 1951ರಿಂದ ಇದೆ. ಅಲ್ಲಿ ಶಿಬಿರವೇ ತರಗತಿ. ನಮ್ಮಲ್ಲಿ ಇದು ಹೆಚ್ಚಾಗಿ ಕ್ರೈಸ್ತ ಶಿಕ್ಷಣದ ಪಾಠದೊಳಗೇ ಬರುತ್ತದೆ. ಕೆಲಸ ಸಿಗುತ್ತದೆ ಎಂದು ನಾನು ಮಾತು ಕೊಡಲಾರೆ. ಆದರೆ ಮಕ್ಕಳ ಮನೆ ಬಾಗಿಲಿಗೆ ಮೂರನೇ ಸಲ ಹೋಗುವ ತಾಳ್ಮೆ ಇದ್ದರೆ ಬನ್ನಿ, ನನ್ನ ಬಾಗಿಲು ತೆರೆದಿದೆ.

ಕಳೆದ ಆಗಸ್ಟಿನಲ್ಲಿ ಒಬ್ಬ ವಿದ್ಯಾರ್ಥಿ ಚಿಕ್ಕಮಗಳೂರಿನಿಂದ ಫೋನ್ ಮಾಡಿದ. ಹಿಂದೆ ಜೋರು ಮಳೆಯ ಸದ್ದು. “ಸರ್, ಮೂವತ್ತೊಂದರಲ್ಲಿ ಇಪ್ಪತ್ತೆರಡು ಮಕ್ಕಳು ಸಿಕ್ಕಿದ್ರು. ಸಾಕಲ್ವಾ?”

“ಉಳಿದ ಒಂಬತ್ತು ಜನ?”

“ಅವರು ಈಗ ಚರ್ಚಿಗೇ ಬರ್ತಿಲ್ಲ ಸರ್.”

“ಹಾಗಾದ್ರೆ ಅವರೇ ಬೇಕು ಕಣಪ್ಪ” ಅಂದೆ. ಮುಂದಿನ ಭಾನುವಾರ ಆರಾಧನೆ ಮುಗಿದ ಮೇಲೆ ಕೊಡೆ ಹಿಡಿದು ಮತ್ತೆ ಹೋದ.