‘ನಮ್ಮ ಮನೇಲಿ ಯಾರಿಗೂ ಇಲ್ಲ, ಮಗೂಗೆ ಹೇಗೆ ಶುಗರ್ ಬಂತು?’

ಮತ್ತೆ ಅದೇ ಪ್ರಶ್ನೆ. ಹಿಂದೆಯೇ ಒಂದು ಬಾಲವೂ ಇರುತ್ತದೆ: ‘ಅವರಪ್ಪನ ಕಡೆ ತಾತನಿಗಿತ್ತು, ಅಲ್ಲಿಂದಲೇ ಬಂದಿರಬೇಕು.’

ತಾತನನ್ನು ಸುಮ್ನೆ ಬಿಟ್ಟುಬಿಡಿ. ಅರವತ್ತರಲ್ಲಿ ಬಂದು ಮಾತ್ರೆಯಲ್ಲೇ ಹತೋಟಿಗೆ ಬಂದ ಶುಗರ್ ಸಾಮಾನ್ಯವಾಗಿ ಟೈಪ್ 2, ಅಂದರೆ ಇನ್ಸುಲಿನ್ ಇದ್ದರೂ ದೇಹ ಅದನ್ನು ಸರಿಯಾಗಿ ಬಳಸಲಾಗದ ಬಗೆ. ಮಗುವಿನದು ಟೈಪ್ 1. ಇಲ್ಲಿ ದೇಹ ಕಾಯಬೇಕಾದ ಬಿಳಿ ರಕ್ತಕಣಗಳೇ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ಕೊಲ್ಲುತ್ತವೆ. ಟೈಪ್ 1 ಬಂದವರಲ್ಲಿ ನೂರಕ್ಕೆ 85ಕ್ಕೂ ಹೆಚ್ಚು ಜನರ ಹತ್ತಿರದ ಸಂಬಂಧಿಕರಲ್ಲಿ ಅದು ಯಾರಿಗೂ ಇರುವುದಿಲ್ಲ. ಅಂದರೆ ನಿಮ್ಮ ಮನೆಯಲ್ಲಿ ಆಗಿರುವುದೇ ಮಾಮೂಲಿ!

ಹಾಗಾದರೆ ಜೀನ್ ಪಾತ್ರವೇ ಇಲ್ವಾ? ಇದೆ. 6ನೇ ಕ್ರೋಮೋಸೋಮಿನಲ್ಲಿರುವ, ತನ್ನದು ಯಾವುದು, ಹೊರಗಿನದು ಯಾವುದು ಎಂದು ಗುರುತಿಸಲು ದೇಹದ ಕಾವಲು ಪಡೆಗೆ ನೆರವಾಗುವ ಎಚ್‌ಎಲ್‌ಎ ಜೀನ್‌ಗಳದ್ದೇ ದೊಡ್ಡ ಪಾಲು. ಅದರಲ್ಲಿ ಡಿಆರ್3, ಡಿಆರ್4 ಎಂಬ ಎರಡು ಬಗೆ ಒಂದೇ ಮಗುವಿನಲ್ಲಿ ಸೇರಿದರೆ ಅಪಾಯ ಜಾಸ್ತಿ. ಒಂದು ಅಪ್ಪನಿಂದ ಬರುತ್ತದೆ, ಇನ್ನೊಂದು ಅಮ್ಮನಿಂದ. ಇನ್ನು ‘ಯಾರ ಕಡೆಯಿಂದ’ ಅಂತ ಜಗಳ ಯಾಕೆ? ಅದೂ ಅಲ್ಲದೆ, ಈ ಜೀನ್ ಇರುವ ಬಹುಪಾಲು ಜನರಿಗೆ ಕಾಯಿಲೆ ಬರುವುದೇ ಇಲ್ಲ. ಒಂದೇ ತರಹದ ಅವಳಿಗಳಲ್ಲಿ ಒಬ್ಬರಿಗೆ ಬಂದು ಇನ್ನೊಬ್ಬರು ಹತ್ತಾರು ವರ್ಷ ಆರಾಮಾಗಿರುವುದುಂಟು. ಜೀನ್ ಜೊತೆಗೆ ಹೊರಗಿನದೂ ಏನೋ ಸೇರಬೇಕು. ಕೆಲವು ವೈರಸ್‌ಗಳ ಮೇಲೆ ಅನುಮಾನವಿದೆ.

ಬರ್ತ್‌ಡೇ ಕೇಕಿನ ಮೇಲೂ ತಪ್ಪು ಹೊರಿಸಬೇಡಿ. ಈ ದಾಳಿ ಎಷ್ಟೋ ಮಕ್ಕಳಲ್ಲಿ ಒಂದೆರಡು ವರ್ಷದ ವಯಸ್ಸಿಗೇ ಶುರುವಾಗಿರುತ್ತದೆ. ಆಗ ರಕ್ತದಲ್ಲಿ ಇನ್ಸುಲಿನ್, ಜಿಎಡಿ (ಬೀಟಾ ಕೋಶದಲ್ಲಿರುವ ಒಂದು ಪ್ರೋಟೀನ್) ಮುಂತಾದವುಗಳ ವಿರುದ್ಧ ದೇಹವೇ ತಯಾರಿಸಿದ ಪ್ರತಿಕಾಯಗಳು ಕಾಣಿಸುತ್ತವೆ. ಖಾಲಿ ಹೊಟ್ಟೆಯ ಶುಗರ್ ಮಾತ್ರ 90ರ ಆಸುಪಾಸು, ರಿಪೋರ್ಟ್ ನಾರ್ಮಲ್! ಉಳಿದ ಕೋಶಗಳು ಹೇಗೋ ಸಂಭಾಳಿಸುತ್ತಿರುತ್ತವೆ. ಮೊದಲು ಎಡವುವುದು ಊಟವಾದ ಮೇಲೆ, ತಕ್ಷಣ ಸುರಿಯಬೇಕಾದ ಇನ್ಸುಲಿನ್ ಸಾಲದೆ. ಪದೇ ಪದೇ ಉಚ್ಚೆ, ತೀರದ ಬಾಯಾರಿಕೆ, ಸಡಿಲವಾಗುವ ಯೂನಿಫಾರ್ಮ್, ಇವೆಲ್ಲ ಕಾಣುವ ಹೊತ್ತಿಗೆ ಬೀಟಾ ಕೋಶಗಳ ಬಹುಭಾಗ ಕೈಕೊಟ್ಟಿರುತ್ತದೆ.

ಎರಡು ಅಥವಾ ಹೆಚ್ಚು ಬಗೆಯ ಪ್ರತಿಕಾಯ ಇರುವ ಮಕ್ಕಳಲ್ಲಿ ನೂರಕ್ಕೆ ಸುಮಾರು 70 ಮಂದಿಗೆ 10 ವರ್ಷದೊಳಗೆ ಕಾಯಿಲೆ ಬರುತ್ತದೆ. ಇಂಥವರಲ್ಲಿ ಶುಗರ್ ಏರುಪೇರಾಗಲು ಶುರುವಾಗಿದ್ದು, ವಯಸ್ಸು 8 ತುಂಬಿದವರಿಗೆ ಕಾಯಿಲೆಯನ್ನು ಮುಂದೂಡಲು ಟೆಪ್ಲಿಜುಮ್ಯಾಬ್ ಎಂಬ ಔಷಧಕ್ಕೆ 2022ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ತಡೆಯುವುದಿಲ್ಲ, ಮುಂದೂಡುತ್ತದೆ ಅಷ್ಟೇ.

ಯಾರೂ ಕೇಳದ ಒಂದು ಮಾತೂ ಇದೆ. ಇಂಜೆಕ್ಷನ್ ಶುರುವಾದ ಕೆಲವು ವಾರಕ್ಕೆ ಇನ್ಸುಲಿನ್ ಡೋಸ್ ಇಳಿಯಬಹುದು. ಉಳಿದ ಕೋಶಗಳು ಸ್ವಲ್ಪ ಚೇತರಿಸಿಕೊಂಡಿರುತ್ತವೆ, ಇದಕ್ಕೆ ಹನಿಮೂನ್ ಅವಧಿ ಎನ್ನುತ್ತಾರೆ. ಸರಿಯಾಗಿ ಆಗಲೇ ಯಾರೋ ಕಷಾಯ ಹಿಡಿದು ಬರುತ್ತಾರೆ, ಕೀರ್ತಿಯೆಲ್ಲ ಕಷಾಯಕ್ಕೆ ಹೋಗುತ್ತದೆ. ಆ ನಂಬಿಕೆಯಲ್ಲಿ ಇನ್ಸುಲಿನ್ ನಿಲ್ಲಿಸಿದರೆ ರಕ್ತದಲ್ಲಿ ಕೀಟೋನ್ (ಇನ್ಸುಲಿನ್ ಸಾಲದೆ ದೇಹ ಕೊಬ್ಬನ್ನು ಉರಿಸಿದಾಗ ಹುಟ್ಟುವ ಆಮ್ಲ) ಏರಿ ಮಗು ವಾಂತಿ, ಏದುಸಿರಿನೊಂದಿಗೆ ಐಸಿಯು ಸೇರಬೇಕಾಗುತ್ತದೆ. ಡೋಸ್ ಇಳಿಸುವುದಿದ್ದರೆ ಡಾಕ್ಟರೇ ಹೇಳಲಿ.