ಮರಕ್ಕೂ ಹಗಲು ಉಸಿರು ಬೇಕು

ಪರಿಸರ ದಿನಕ್ಕೆಂದು ಪಕ್ಕದ ಮನೆಯ ಹುಡುಗಿ ಚಾರ್ಟ್ ಬರೆದು ನನಗೆ ತೋರಿಸಲು ತಂದಿದ್ದಳು. ಇಲ್ಲೇ ಕಾಸರಗೋಡಿನ ಕನ್ನಡ ಮಾಧ್ಯಮದಲ್ಲಿ ಎಂಟನೇ ಕ್ಲಾಸು. ಅಕ್ಷರ ಮುತ್ತಿನ ಹಾಗೆ. ನಡುವೆ ದೊಡ್ಡದಾಗಿ, "ನಾವು ಆಮ್ಲಜನಕ ಉಸಿರಾಡುತ್ತೇವೆ, ಮರಗಳು ಕಾರ್ಬನ್ ಡೈಆಕ್ಸೈಡ್ ಉಸಿರಾಡುತ್ತವೆ." ಕೆಳಗೆ ಸಣ್ಣದಾಗಿ, "ರಾತ್ರಿ ಮಾತ್ರ ಮರಗಳೂ ನಮ್ಮಂತೆ ಉಸಿರಾಡುತ್ತವೆ."

ಅವಳನ್ನು ಬೈದು ಫಲವಿಲ್ಲ. ಕೇಳಿದ್ದನ್ನು ಬರೆದಿದ್ದಾಳೆ. ಗಿಡ ನೆಡುವ ಕಾರ್ಯಕ್ರಮದ ಭಾಷಣದಲ್ಲಿ, ಬ್ಯಾನರಿನಲ್ಲಿ, ವಾಟ್ಸಾಪಿನಲ್ಲಿ ಇದೇ ಎರಡು ಸಾಲು ವರ್ಷವರ್ಷವೂ ಬರುತ್ತವೆ. ಎರಡೂ ತಪ್ಪು. ಕಾರ್ಬನ್ ಡೈಆಕ್ಸೈಡ್ ಮರಕ್ಕೆ ಉಸಿರಲ್ಲ, ಅಡುಗೆಯ ಸಾಮಾನು. ಉಸಿರಾಟದ ವಿಷಯಕ್ಕೆ ಬಂದರೆ ಮರವೂ ನಾವೂ ಒಂದೇ. ಆಮ್ಲಜನಕ ಒಳಗೆ, ಕಾರ್ಬನ್ ಡೈಆಕ್ಸೈಡ್ ಹೊರಗೆ. ಹಗಲೂ ಹಾಗೆಯೇ, ರಾತ್ರಿಯೂ ಹಾಗೆಯೇ.

ಈ ಗೊಂದಲದಲ್ಲಿ ಅರ್ಧ ಪಾಲು ನಮ್ಮ ಪದದ್ದೇ. ಉಸಿರಾಟ ಅಂದರೆ ಉಸಿರು ಆಡುವುದು. ಓಡಾಟ, ತಿರುಗಾಟ, ಅಲೆದಾಟ ಇದೆಯಲ್ಲ, ಅದೇ 'ಆಟ'. ಗಾಳಿ ಒಳಗೆ ಹೋಗಬೇಕು, ಹೊರಗೆ ಬರಬೇಕು, ಎದೆ ಏರಿ ಇಳಿಯಬೇಕು. ಆಗ ಉಸಿರು ಆಡಿತು ಅನ್ನುತ್ತೇವೆ. ಮೂಗಿದ್ದವರಿಗೆ ಹೇಳಿ ಮಾಡಿಸಿದ ಪದ ಇದು. ಇದನ್ನೇ ಎತ್ತಿಕೊಂಡು ಜೀವಕೋಶದೊಳಗೆ ನಡೆಯುವ ಕೆಲಸಕ್ಕೂ ಇಟ್ಟೆವು. ಕೋಶದಲ್ಲಿ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಅಲ್ಲಿ ನಡೆಯುವುದು ಸಕ್ಕರೆಯನ್ನು ಬಿಚ್ಚಿ ಅದರಲ್ಲಿದ್ದ ಶಕ್ತಿಯನ್ನು ಹೊರತೆಗೆಯುವ ಕೆಲಸ. ಉಸಿರಾಟ ಅಂದ ಕೂಡಲೇ ಮಕ್ಕಳ ಕಣ್ಣ ಮುಂದೆ ಮೂಗು ಬರುತ್ತದೆ. ಎಲೆಯಲ್ಲಿ ಮೂಗಿನ ಹಾಗಿನ ತೂತುಗಳಿವೆ ಅಂತ ಹೇಳಿಕೊಡುತ್ತೇವೆ. ಆ ತೂತುಗಳಿಂದ ಕಾರ್ಬನ್ ಡೈಆಕ್ಸೈಡ್ ಒಳಗೆ ಹೋಗುತ್ತದೆ ಅಂತಲೂ ಹೇಳುತ್ತೇವೆ. ಮತ್ತೆ ಮಗು ಇನ್ನೇನು ಬರೆದೀತು?

ಗಡಿಯಲ್ಲಿ ಇರುವ ನಮಗೆ ಇದನ್ನು ಬಿಡಿಸಿ ನೋಡಲು ಒಂದು ಅನುಕೂಲ ಇದೆ. ಕನ್ನಡದ ಉಸಿರು ಮತ್ತು ಮಲಯಾಳದ ಉಯಿರ್ ಒಂದೇ ಬೇರಿನ ಪದಗಳು. ತಮಿಳಿನಲ್ಲೂ ಉಯಿರ್ ಇದೆ. ಆದರೆ ಅಲ್ಲಿ ಉಯಿರ್ ಅಂದರೆ ಜೀವ. ನಮ್ಮಲ್ಲಿ ಆ ಪದ ಮೂಗಿನ ಗಾಳಿಯ ಕಡೆಗೆ ವಾಲಿತು. ಆದರೂ 'ಉಸಿರಿರುವ ತನಕ' ಅನ್ನುವಾಗ ಹಳೆಯ ಅರ್ಥ ನಮ್ಮ ಬಾಯಲ್ಲೂ ಬರುತ್ತದೆ. ಜೀವಶಾಸ್ತ್ರದವರು ಹೇಳುವ ಉಸಿರಾಟ ಈ ಉಯಿರಿಗೆ ಹತ್ತಿರ, ಮೂಗಿಗೆ ದೂರ. ಮಲಯಾಳದ ಪಾಠಗಳಲ್ಲಿ ಮೂಗಿನದ್ದು ಶ್ವಾಸೋಚ್ಛ್ವಾಸ, ಕೋಶದ್ದು ಕೋಶಶ್ವಸನ. ಎರಡಕ್ಕೆ ಎರಡು ಪದ. ಕನ್ನಡದಲ್ಲಿ ಹೊಸ ಪದ ಹುಟ್ಟಿಸಬೇಕು ಅಂತ ನಾನು ಹೇಳುವುದಿಲ್ಲ. 'ಜೀವಕೋಶದ ಉಸಿರಾಟ' ಅಂತ ಪೂರ್ತಿ ಬರೆಯಿರಿ, ಸಾಕು. ಒಂದು ಪದ ಜಾಸ್ತಿಯಾಗುತ್ತದೆ, ಅಷ್ಟೇ ಅಲ್ವಾ?

ಉಸಿರಾಟಕ್ಕೆ ಬೆಳಕು ಬೇಡ, ಎಲೆಯೂ ಬೇಡ. ನಂಬಿಕೆ ಬಾರದಿದ್ದರೆ ಅಟ್ಟದಲ್ಲಿ ಮರೆತುಹೋದ ತೆಂಗಿನಕಾಯಿ ನೋಡಿ. ಕೆಲವು ತಿಂಗಳಲ್ಲಿ ಕತ್ತಲಲ್ಲೇ ಮೊಳಕೆ ಬಂದಿರುತ್ತದೆ. ಒಡೆದರೆ ಒಳಗೆ ಬಿಳಿ ಚೆಂಡಿನ ಹಾಗಿನ ಮೆತ್ತಗಿನ ತಿರುಳು, ಮಲಯಾಳದಲ್ಲಿ ಪೊಂಗು ಅನ್ನುತ್ತಾರೆ. ತಿಂದರೆ ಸಿಹಿ, ಕಚ್ಚಿದರೆ ಸ್ಪಂಜಿನ ಹಾಗೆ. ಕಾಯಿಯ ಎಣ್ಣೆಯ ಅಂಶವನ್ನು ಸಕ್ಕರೆಯ ರೂಪಕ್ಕೆ ತಂದು ಹೀರಿ ಮೊಳಕೆಗೆ ಕೊಡುವುದು ಅದರ ಕೆಲಸ. ಮೊಳಕೆಯ ಕೋಶಗಳು ಆ ಸಕ್ಕರೆಯನ್ನು ಬಿಚ್ಚಿ ಬೆಳೆಯುತ್ತವೆ. ಬಿಸಿಲು ಅಲ್ಲಿ ಒಂದು ಗೆರೆಯೂ ಇಲ್ಲ. ಅಷ್ಟೂ ಶಕ್ತಿ, ತಾಯಿಮರ ಹಿಂದೆ ಯಾವಾಗಲೋ ಹಿಡಿದಿಟ್ಟ ಬಿಸಿಲು.

ಅಡಿಕೆ ತೋಟದವರಿಗಂತೂ ಇದು ಹೊಸತಲ್ಲ. ಮಳೆಗಾಲಕ್ಕೆ ಮೊದಲು ನೀರು ಹರಿದುಹೋಗಲು ಕಣಿ ಬಿಡಿಸುವುದು ಯಾಕೆ? ನೀರು ನಿಂತರೆ ಬೇರಿಗೆ ಉಸಿರು ಕಟ್ಟುತ್ತದೆ ಅಂತ ಅವರೇ ಹೇಳುತ್ತಾರೆ. ಸರಿಯಾದ ಮಾತು. ನೀರು ತುಂಬಿದ ಮಣ್ಣಿನಲ್ಲಿ ಗಾಳಿಗೆ ಜಾಗ ಇಲ್ಲ, ಬೇರಿನ ಕೋಶಗಳಿಗೆ ಆಮ್ಲಜನಕ ಸಿಗುವುದಿಲ್ಲ. ಮಟಮಟ ಮಧ್ಯಾಹ್ನವೂ ಸಿಗುವುದಿಲ್ಲ. ಕುಂಬಳೆಯ ಅಳಿವೆಯಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಸುತ್ತ ಕೆಸರಿನಿಂದ ಪೆನ್ಸಿಲಿನ ಹಾಗೆ ಮೇಲಕ್ಕೆ ನಿಂತ ಬೇರುಗಳೂ ಗಾಳಿಗಾಗಿಯೇ ತಲೆ ಎತ್ತಿದವು.

ಇನ್ನು ಇನ್ನೊಂದು ಪದ, ದ್ಯುತಿಸಂಶ್ಲೇಷಣೆ. ಬಾಯಿಪಾಠ ಮಾಡಿಸಿ ಮಕ್ಕಳಿಗೆ ಹೆದರಿಕೆ ಹುಟ್ಟಿಸಿದ್ದೇವೆ. ಬಿಡಿಸಿದರೆ ಎಷ್ಟು ಒಳ್ಳೆಯ ಪದ! ದ್ಯುತಿ ಅಂದರೆ ಬೆಳಕು. ಶ್ಲೇಷ ಅಂದರೆ ಅಂಟು, ಅಪ್ಪುಗೆ. ಒಂದೇ ಪದಕ್ಕೆ ಎರಡು ಅರ್ಥ ಅಂಟಿದರೆ ಶ್ಲೇಷಾಲಂಕಾರ. ಅಂಟಂಟಾದ ಕಫ ಶ್ಲೇಷ್ಮ. ನಮ್ಮ ಕಡೆ ನಾಗನಿಗೆ ಮಾಡಿಸುವ ಆಶ್ಲೇಷ ಬಲಿಯ ಆಶ್ಲೇಷಕ್ಕೂ ಸುತ್ತಿಕೊಳ್ಳುವುದು, ಅಪ್ಪುವುದು ಎಂಬ ಅರ್ಥವೇ. ಬಿಡಿಸಿ ನೋಡುವುದು ವಿಶ್ಲೇಷಣೆ, ಜೋಡಿಸುವುದು ಸಂಶ್ಲೇಷಣೆ. ಹಾಗಾಗಿ ದ್ಯುತಿಸಂಶ್ಲೇಷಣೆ ಅಂದರೆ ಬೆಳಕಿನ ಬಲದಿಂದ ಜೋಡಿಸುವುದು. ಮಲಯಾಳದಲ್ಲಿ ಪ್ರಕಾಶಸಂಶ್ಲೇಷಣ. ಅದೇ ಮಾತು, ಬಾಯಿಗೆ ಇನ್ನೂ ಸುಲಭ. ಎಲೆಯಲ್ಲಿ ಜೋಡಿಸುತ್ತದೆ, ಕೋಶದಲ್ಲಿ ಬಿಚ್ಚುತ್ತದೆ. ಇಷ್ಟು ತಿಳಿದರೆ ಎರಡನ್ನೂ ಒಂದೇ 'ಉಸಿರಾಟ'ದೊಳಗೆ ತುರುಕಲು ಮನಸ್ಸೇ ಬರುವುದಿಲ್ಲ.

ಮರ ಕಾರ್ಬನ್ ಡೈಆಕ್ಸೈಡನ್ನು ಆಮ್ಲಜನಕ ಮಾಡಿ ಕೊಡುತ್ತದೆ ಅನ್ನುವ ಮಾತೂ ಸರಿಯಲ್ಲ. 1941ರಲ್ಲಿ ಸ್ಯಾಮ್ ರೂಬೆನ್, ಮಾರ್ಟಿನ್ ಕೇಮನ್ ಮತ್ತು ಜೊತೆಗಾರರು ಮಾಮೂಲಿಗಿಂತ ಭಾರದ ಬಗೆಯ ಆಮ್ಲಜನಕವನ್ನು ಗುರುತಾಗಿ ಬಳಸಿ ನೋಡಿದರು. ಹೊರಬಂದ ಆಮ್ಲಜನಕ ನೀರಿನದ್ದು. ಉಸಿರಾಟದಲ್ಲೂ ಹೀಗೆಯೇ ಒಂದು ತಿರುವು ಇದೆ. ನಾವು ಎಳೆದುಕೊಂಡ ಆಮ್ಲಜನಕ ಕೋಶದೊಳಗೆ ಕೊನೆಗೆ ನೀರಾಗುತ್ತದೆ. ಹೊರಬಿಡುವ ಕಾರ್ಬನ್ ಡೈಆಕ್ಸೈಡಿನ ಕಾರ್ಬನ್ ತಿಂದ ಅನ್ನದ್ದು. ಎಲೆ ನೀರನ್ನು ಒಡೆದು ಶುರು ಮಾಡುತ್ತದೆ, ಕೋಶ ನೀರು ಮಾಡಿ ಮುಗಿಸುತ್ತದೆ.

ಕೋಶದೊಳಗೆ ಶಕ್ತಿ ಕೈ ಬದಲಾಯಿಸುವುದು ಎಟಿಪಿ (ಅಡೆನೊಸಿನ್ ಟ್ರೈಫಾಸ್ಫೇಟ್) ಎಂಬ ಅಣುವಿನ ಚಿಲ್ಲರೆಯಲ್ಲಿ. 1929ರಲ್ಲಿ ಅದನ್ನು ಜರ್ಮನಿಯಲ್ಲಿ ಕಾರ್ಲ್ ಲೋಮನ್ ಕಂಡುಹಿಡಿದರು. ಅದೇ ಹೊತ್ತಿಗೆ ಹಾರ್ವರ್ಡಿನಲ್ಲಿ ಫಿಸ್ಕೆ ಜೊತೆ ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್ ಕೂಡ ಕಂಡುಹಿಡಿದರು. ಒಂದು ಗ್ಲೂಕೋಸ್ ಅಣುವನ್ನು ಪೂರ್ತಿ ಬಿಚ್ಚಿದರೆ ಸುಮಾರು 30 ಎಟಿಪಿ. ಅದು ತಯಾರಾಗುವ ಬಗೆ ನಮ್ಮ ಹೊಳೆಯ ಕಟ್ಟದ ಹಾಗೆ. ತೆಳು ಪೊರೆಯ ಒಂದು ಬದಿಯಲ್ಲಿ ಹೈಡ್ರೋಜನ್ ಅಯಾನುಗಳು ಒಟ್ಟಾಗುತ್ತವೆ. ಅವು ಸಣ್ಣ ದಾರಿಯಲ್ಲಿ ನುಗ್ಗಿ ಇಳಿಯುವಾಗ ಅಲ್ಲಿರುವ ಪ್ರೊಟೀನಿನ ಚಕ್ರ ತಿರುಗಿ ಎಟಿಪಿ ಬರುತ್ತದೆ. ಪೀಟರ್ ಮಿಚೆಲ್ 1961ರಲ್ಲಿ ಈ ಕಟ್ಟದ ವಿಚಾರ ಹೇಳಿದಾಗ ಹೆಚ್ಚಿನವರು ಒಪ್ಪಲಿಲ್ಲ. 1978ರಲ್ಲಿ ಅದಕ್ಕೇ ನೊಬೆಲ್ ಬಂತು. ಎಲೆಯಲ್ಲಿ ಸಕ್ಕರೆ ಜೋಡಿಸುವ ಹಸಿರು ಕಣ ಕ್ಲೋರೋಪ್ಲಾಸ್ಟಿನಲ್ಲಿ, ಎಲ್ಲರ ಕೋಶದಲ್ಲೂ ಉಸಿರಾಟ ನಡೆಯುವ ಕಣ ಮೈಟೊಕಾಂಡ್ರಿಯಾದಲ್ಲಿ ಇದೇ ಬಗೆಯ ಚಕ್ರ. ಎಲೆಯ ಕೋಶದಲ್ಲಿ ಎರಡೂ ಇವೆ. ಇದನ್ನು ಬಹಳ ಜನ ಮರೆಯುತ್ತಾರೆ.

ಹಗಲು-ರಾತ್ರಿಯ ತಪ್ಪು ಬಂದದ್ದು ಎಲ್ಲಿಂದ? 1779ರಲ್ಲಿ ಡಚ್ ವಿಜ್ಞಾನಿ ಯಾನ್ ಇಂಗೆನ್‌ಹೌಸ್ ಗಿಡದ ಹಸಿರು ಭಾಗಗಳು ಬೆಳಕಿನಲ್ಲಿ ಒಳ್ಳೆಯ ಗಾಳಿ ಬಿಡುತ್ತವೆ, ಕತ್ತಲಲ್ಲಿ ಗಾಳಿ ಕೆಡಿಸುತ್ತವೆ ಅಂತ ತೋರಿಸಿದರು. ಕಂಡದ್ದು ಸರಿ. ಆದರೆ ಕಾಣುವುದು ಉಳಿಕೆ ಮಾತ್ರ. ದನ ಸಾಕುವವರು ಬೆಳಿಗ್ಗೆ ಸೊಸೈಟಿಗೆ ಎಂಟು ಲೀಟರ್ ಹಾಲು ಹಾಕಿದರೆ ಪುಸ್ತಕದಲ್ಲಿ ಎಂಟು ಎಂದೇ ಇರುತ್ತದೆ. ಮನೆಯ ಚಹಾಕ್ಕೆ ಎತ್ತಿಟ್ಟದ್ದು ಅದರಲ್ಲಿ ಕಾಣದು. ಹಾಗಂತ ಮನೆಯಲ್ಲಿ ಹಾಲು ಕುಡಿಯುವುದಿಲ್ಲ ಅಂತ ಹೇಳಲಾಗುತ್ತದೆಯೇ? ಗಿಡ ತಾನು ಕಟ್ಟಿದ ಸಕ್ಕರೆಯಲ್ಲಿ ಹೆಚ್ಚುಕಡಿಮೆ ಅರ್ಧ ಪಾಲನ್ನು ತನ್ನ ಉಸಿರಾಟಕ್ಕೇ ಖರ್ಚು ಮಾಡುತ್ತದೆ. ಬೆಳಗಿನ ಜಾವ ಬೆಳಕು ಏರುವಾಗ ಒಂದು ಹೊತ್ತಿನಲ್ಲಿ ಎರಡೂ ಸರಿದೂಗಿ ಎಲೆ ಕೊಟ್ಟದ್ದೂ ತೆಗೊಂಡದ್ದೂ ಸೊನ್ನೆಯಾಗುತ್ತದೆ. ಆಗಲೂ ಒಳಗೆ ಎರಡು ಕೆಲಸವೂ ನಡೆಯುತ್ತಲೇ ಇರುತ್ತದೆ. ರಾತ್ರಿ ಮರದಡಿ ಮಲಗಿದರೆ ಕಾರ್ಬನ್ ಡೈಆಕ್ಸೈಡಿನಿಂದ ಸಾಯುತ್ತಾರೆ ಅನ್ನುವ ಹೆದರಿಕೆಗೂ ಆಧಾರ ಇಲ್ಲ. ಬಯಲಿನ ಗಾಳಿಯಲ್ಲಿ ಅದು ಕರಗಿಹೋಗುತ್ತದೆ.

ಇಷ್ಟನ್ನೂ ಹೇಳಿದ ಮೇಲೆ ಹುಡುಗಿ ಚಾರ್ಟನ್ನೇ ನೋಡುತ್ತ ಕೇಳಿದಳು.

"ಟೀಚರೇ, ಪುನಃ ಇಡೀ ಬರೆಯಬೇಕಾ?"

"ಬೇಡ ಮಗಾ, ಎರಡೇ ಕಡೆ ತಿದ್ದು."

ಮೊದಲ ಸಾಲಿನ ಕೊನೆಯ 'ಉಸಿರಾಡುತ್ತವೆ' ಮೇಲೆ ಬಿಳಿ ಕಾಗದ ಅಂಟಿಸಿ 'ಹೀರಿ ಸಕ್ಕರೆ ಮಾಡುತ್ತವೆ' ಅಂತ ಬರೆದಳು. ಎರಡನೆಯದರಲ್ಲಿ 'ರಾತ್ರಿ ಮಾತ್ರ' ಮುಚ್ಚಿ 'ಹಗಲೂ ರಾತ್ರಿಯೂ' ಅಂತ ಮಾಡಿದಳು.